ಸೊಸೆಗುಂಡಿನ ಮೇಲೆ ನಿಂತ ಹರಿಗೋಲು

ನಾನೊಂದು ಹರಿಗೋಲು. ದೋಣಿ ಅಂದರೆ ನನಗೆ ಸಿಟ್ಟು ಬರುತ್ತದೆ. ದೋಣಿಗೆ ಒಂದು ಮೂತಿ, ಒಂದು ಬಾಲ ಇರುತ್ತದೆ. ಮೂತಿ ಹೋದ ಕಡೆಗೆ ಬಾಲ ಬಾಯಿಮುಚ್ಚಿಕೊಂಡು ಹೋಗಬೇಕು. ನನಗೆ ಆ ತಾಪತ್ರಯವಿಲ್ಲ. ನಾನು ದುಂಡಗಿದ್ದೇನೆ, ಎತ್ತ ತಿರುಗಿದರೂ ಅದೇ ನನ್ನ ಮುಂದು. ಕೂತವರಿಗೆ ತಲೆ ತಿರುಗಿದರೆ ಅದು ಅವರ ತಲೆಯ ದೋಷ, ನನ್ನದಲ್ಲ.

ತುಂಗಭದ್ರೆಯ ದಂಡೆಯಲ್ಲಿ ಮಡುವಿನಹಾಳು ಎಂಬ ಸಣ್ಣ ಊರಿದೆ. ಅಲ್ಲಿ ಮೇದಾರ ಈರಜ್ಜನ ಅಂಗಳದಲ್ಲಿ ನಾನು ಹುಟ್ಟಿದೆ. ಈರಜ್ಜ ಹಸಿ ಬಿದಿರು ಸೀಳಿ, ದಬ್ಬೆಗಳನ್ನು ನೆಲದ ಮೇಲೆ ಅಡ್ಡ ಉದ್ದ ಹರಡಿ, ನಡುವೆ ತಾನೇ ಕುಕ್ಕರುಗಾಲಲ್ಲಿ ಕೂತು ಹೆಣೆಯಲು ಶುರುಮಾಡಿದ. ಹೆಣೆದ ಹಾಗೆ ಸುತ್ತ ಅಂಚು ಎದ್ದಿತು. ಮೂರನೆಯ ದಿನ ಸಂಜೆ ನೋಡಿದರೆ ಅಜ್ಜ ನನ್ನ ಹೊಟ್ಟೆಯೊಳಗೇ ಸಿಕ್ಕಿಕೊಂಡಿದ್ದ. ಸೊಂಟ ನೋವಿನ ಮನುಷ್ಯ, ಕಾಲೆತ್ತಿ ದಾಟಲಾಗಲಿಲ್ಲ. ಕೊನೆಗೆ ಸೊಸೆಯರಿಬ್ಬರು ಬಂದು ಕಂಕುಳಿಗೆ ಕೈಕೊಟ್ಟು ಎತ್ತಿ ಹೊರಗಿಟ್ಟರು. ಒಣ ನೆಲದ ಮೇಲೆ ನನ್ನನ್ನು ಏರಿ ಇಳಿದ ಮೊದಲ ಪ್ರಯಾಣಿಕ ಅವನೇ.

ಹಿಂದಿನ ಕಾಲದಲ್ಲಿ ನಮ್ಮ ಜಾತಿಗೆ ಎಮ್ಮೆಯ ಚರ್ಮ ಹೊದಿಸುತ್ತಿದ್ದರಂತೆ. ನನ್ನ ಪಾಲಿಗೆ ಬಂದದ್ದು ಗೊಬ್ಬರದ ಖಾಲಿ ಚೀಲಗಳು. ಅವನ್ನು ಬೆನ್ನಿಗೆ ಬಿಗಿದು, ಮೇಲೆ ಕುದಿಯುವ ಡಾಂಬರು ಬಳಿದರು. ಅಯ್ಯೋ ಆ ಉರಿ! ಆದರೆ ಎರಡು ಬಿಸಿಲು ಕಳೆದು ಒಣಗಿದ ಮೇಲೆ ನನ್ನ ಕಪ್ಪು ಮೈ ನೋಡಿ ನನಗೇ ದೃಷ್ಟಿಯಾಗುವ ಹಾಗಿತ್ತು.

ನನ್ನನ್ನು ಮೊದಲು ಕೊಂಡವನು ಪಂಪಣ್ಣ. ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸುವುದು ಅವನ ಕಸುಬು. ನಾನು ಯಾರನ್ನೆಲ್ಲ ಹೊತ್ತಿದ್ದೇನೆ! ಮದುಮಕ್ಕಳು, ಮೇಕೆಗಳು, ಪರೀಕ್ಷೆ ಬರೆಯುವ ಹುಡುಗಿಯರು, ಒಮ್ಮೆ ಪಂಚಾಯಿತಿಯ ಕಬ್ಬಿಣದ ಕಪಾಟು, ಅದರ ಮೇಲೆ ಜಂಭದಿಂದ ಕೂತ ಪಂಚಾಯಿತಿ ಸದಸ್ಯ. ಹತ್ತಿದವರೆಷ್ಟು, ಇಳಿದವರೆಷ್ಟು ಎಂದು ಎಣಿಸುವ ಚಾಳಿ ನನಗೆ ಅಲ್ಲಿಯೇ ಅಂಟಿತು. ಒಬ್ಬರು ಕಡಿಮೆ ಬಂದರೂ ನನ್ನ ಹೊಟ್ಟೆ ಹಗುರಾಗಿ ಕಳವಳವಾಗುತ್ತಿತ್ತು. ಆರು ವರ್ಷ ಹೀಗೆ ನಡೆಯಿತು. ಆಮೇಲೆ ಮೇಲ್ಗಡೆ ಸೇತುವೆ ಬಂತು, ಜನ ಬಸ್ಸು ಹತ್ತಿದರು. ಪಂಪಣ್ಣ ಒಂದು ವಾರ ನನ್ನ ಅಂಚಿಗೆ ಒರಗಿ ಬೀಡಿ ಸೇದಿದ. ಎಂಟನೆಯ ದಿನ ಒಂದು ಹೋತಕ್ಕೂ ಒಂದು ಹಳೆಯ ಸೈಕಲ್ಲಿಗೂ ನನ್ನನ್ನು ಬದಲಾಯಿಸಿ, ಅದೇ ಸೈಕಲ್ ಹತ್ತಿ ಸೇತುವೆ ದಾಟಿಕೊಂಡು ಹೋದ.

ಹಾಗೆ ನಾನು ಮೀನುಗಾರ ಜಂಬಣ್ಣ ಮತ್ತು ಅವನ ಹೆಂಡತಿ ಹುಲಿಗೆವ್ವನ ಕೈಗೆ ಬಂದೆ. ಲೋಕದ ಲೆಕ್ಕದಲ್ಲಿ ಯಜಮಾನ ಜಂಬಣ್ಣ. ಹೊಳೆಯಲ್ಲಿ ಮಾತ್ರ ಹುಟ್ಟು ಇರುತ್ತಿದ್ದದ್ದು ಹುಲಿಗೆವ್ವನ ಕೈಯಲ್ಲಿ. ಅವಳು ನನ್ನ ಅಂಚಿಗೆ ಮೊಣಕಾಲು ಕೊಟ್ಟು ಹುಟ್ಟು ಹಾಕಿದರೆ, ಮೂರು ಸುತ್ತು ಸುತ್ತುವ ನಾನು ಬಾಲ ಮುದುರಿದ ನಾಯಿಯ ಹಾಗೆ ನೇರ ಹೋಗುತ್ತಿದ್ದೆ. ಜಂಬಣ್ಣ ಬಲೆ ಬಿಡುತ್ತ ಮಾತಾಡುತ್ತಿದ್ದ. ಅವನಿಗೆ ಮಾತೆಂದರೆ ಪ್ರಾಣ. ಮೀನು ಬಿದ್ದರೂ ಮಾತು, ಬೀಳದಿದ್ದರೂ ಮಾತು.

ನಾವು ಬಲೆ ಬಿಡುವ ಹೊಳೆಯ ಆ ಪಟ್ಟಿಯನ್ನು ಸರಕಾರ ನೀರುನಾಯಿಗಳಿಗೆಂದು ಮೀಸಲಿಟ್ಟಿದೆ. ಮೀನುಗಾರರು ತಮ್ಮ ಹಳೆಯ ಪದ್ಧತಿಯಂತೆ ಹರಿಗೋಲಿನಲ್ಲಿ ಹೋಗಬಹುದು, ಉಳಿದ ಯಾವ ಗದ್ದಲವೂ ಕೂಡದು. ಈ ನೀರುನಾಯಿಗಳ ವಿಷಯ ಏನು ಹೇಳಲಿ. ಜಂಬಣ್ಣನ ಬಲೆಗೆ ಬಿದ್ದ ಮೀನಲ್ಲಿ ಒಳ್ಳೆಯದನ್ನೇ ಆರಿಸಿ ತಿಂದು, ಬಲೆಗೆ ತೂತು ಮಾಡಿ, ಬಂಡೆಯ ಮೇಲೆ ಕೂತು ಮೀಸೆ ಒರೆಸಿಕೊಳ್ಳುತ್ತವೆ. ಹುಲಿಗೆವ್ವ ಅವಕ್ಕೆ ದಿನಾ ಬೆಳಿಗ್ಗೆ ಮಂಗಳಾರತಿ ಮಾಡುತ್ತಿದ್ದಳು.

"ಏ ಮೂಳಗಳ್ರಾ, ನಿಮ್ಮ ಬಾಯಿಗೆ ಮಣ್ಣ ಹಾಕ! ನಾಲ್ಕ ಮೀನು ತಿಂದ್ರ ತಿನ್ನ್ರಿ, ಬಲಿ ಯಾಕ ಹರೀತೀರಿ?"

ಅವು ತಲೆ ಎತ್ತಿ ಶಿಳ್ಳೆ ಹಾಕುತ್ತಿದ್ದವು. ಒಂದು ದಿನ ಅವು ಕಾಣದಿದ್ದರೆ ಹುಟ್ಟು ನಿಲ್ಲಿಸಿ, "ಎಲ್ಲಿ ಹಾಳಾಗಿ ಹೋದ್ವು ಇವತ್ತ?" ಎಂದು ಸುತ್ತಲೂ ನೋಡುವವಳೂ ಅವಳೇ.

ಮಡುವಿನಹಾಳಿನಲ್ಲಿ ಒಂದು ಕಟ್ಟಳೆ ಇತ್ತು. ಮಳೆಗಾಲದ ಕೆಂಪು ಹೊಸ ನೀರು ಬಂದ ದಿನ ಊರಿನ ಇಪ್ಪತ್ತೆರಡು ಹರಿಗೋಲುಗಳನ್ನೂ ದಂಡೆಗೆ ಎಳೆದು, ಅರಿಶಿನ ಹಚ್ಚಿ, ಬೋರಲು ಹಾಕುತ್ತಾರೆ. ಅದು ಮೀನು ಮೊಟ್ಟೆ ಇಡುವ ಕಾಲ. ನಾಗರ ಪಂಚಮಿಯ ಉಂಡೆ ತಿಂದ ಮೇಲೆಯೇ ನಮ್ಮನ್ನು ಎತ್ತುವುದು. ನಡುವೆ ಯಾರಾದರೂ ಎತ್ತಿದರೆ ಇಡೀ ಊರಿಗೆ ಗೋದಿ ಹುಗ್ಗಿ ಮಾಡಿ ಹಾಕಬೇಕು. ಹುಲಿಗೆವ್ವ ಈ ಕಟ್ಟಳೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಮ್ಮೆ ಅವಳ ಸ್ವಂತ ಮೈದುನನೇ ಪಂಚಮಿಗೆ ಎರಡು ದಿನ ಮೊದಲು ಹರಿಗೋಲು ಇಳಿಸಿದ. ಅವಳು ದಂಡೆಯಲ್ಲಿ ನಿಂತು ಊರೆಲ್ಲ ಕೇಳುವ ಹಾಗೆ ಕೂಗಿ, ಹುಗ್ಗಿ ಬೇಯುವವರೆಗೂ ಅವನ ಒಲೆಯ ಮುಂದೆಯೇ ಕೂತಿದ್ದಳು. ಬೆಲ್ಲ ಕಡಿಮೆಯಾಯಿತೆಂದು ಮತ್ತೆ ಹಾಕಿಸಿದ್ದಳು.

ಇನ್ನು ಜಂಬಣ್ಣನ ತಪ್ಪಿನ ಕಥೆ.

ಒಂದು ಬೇಸಿಗೆಯಲ್ಲಿ ಯಾವುದೋ ಕಂಪನಿಯ ಬಿಳಿ ಟೋಪಿಯ ಇಂಜಿನಿಯರ್ ಒಬ್ಬ ಬಂದ. ಹೊಳೆ ನೋಡಬೇಕು, ಕರೆದುಕೊಂಡು ಹೋಗಿ ಅಂದ. ಆಗ ಹೊಳೆ ಎಲುಬು ಗೂಡಾಗಿತ್ತು. ಎಲ್ಲೆಲ್ಲೂ ಬಂಡೆ ಎದ್ದು ಕಾಣುತ್ತಿತ್ತು. ಹುಲಿಗೆವ್ವ ಸಂತೆಗೆ ಹೋಗಿದ್ದಳು, ಹುಟ್ಟು ಜಂಬಣ್ಣನ ಕೈಗೆ ಬಂದಿತ್ತು.

"ಇಲ್ಲಿ ನಡುಗಡ್ಡೆಗಳು ಎಷ್ಟಿವೆ, ಯಜಮಾನರೇ?" ಎಂದು ಟೋಪಿಯವನು ಕೇಳಿದ.

ನಮ್ಮ ಮೀನುಗಾರರಿಗೆ ಒಂದು ಅಭ್ಯಾಸ. ಬಲೆ ಒಣಗಿಸುವ ಒಂದೊಂದು ಬಂಡೆಗೂ ಹೆಸರಿಟ್ಟು, ಅದನ್ನು ಹೊಲದ ಹಾಗೆ ತಮ್ಮದೆಂದು ಹೇಳಿಕೊಳ್ಳುತ್ತಾರೆ. ಬಂಡೆಗೆ ಅವರು ಗುಂಡು ಅನ್ನುತ್ತಾರೆ. ಗಡ್ಡೆ ಎಷ್ಟು ಅಂದರೆ ಗುಂಡು ಎಣಿಸಿ ಹೇಳುತ್ತಾರೆ. ಜಂಬಣ್ಣನಿಗೆ ಯಜಮಾನರೇ ಅಂದದ್ದೇ ಸಾಕಾಯಿತು. ಎದೆ ಉಬ್ಬಿಸಿ ಬೆರಳು ಮಡಿಸಿದ.

"ಬರಕೊಳ್ರಿ ಸಾಹೇಬ್ರ. ಎಮ್ಮಿಗುಂಡು, ಅಜ್ಜನಗುಂಡು, ಅತ್ತಿಗುಂಡು, ಸೊಸಿಗುಂಡು, ಬಲಿಗುಂಡು, ತೊಲಿಗುಂಡು, ಬೋಳಗುಂಡು. ಏಳು ಅದಾವ್ರಿ, ಏಳೂ ನಾವು ಹುಟ್ಟಿದಾಗಿಂದ ಕಂಡಿದ್ದು."

ಟೋಪಿಯವನು ಏಳೂ ಕಡೆ ತನ್ನ ಮೊಬೈಲಿನಲ್ಲಿ ಗುರುತು ಹಾಕಿಕೊಂಡ. ಒಂದು ಕಾಗದಕ್ಕೆ ಜಂಬಣ್ಣನ ಸಹಿ ಹಾಕಿಸಿದ. ನಾನು ಕೆಳಗಿನಿಂದ ಎಲ್ಲ ಕೇಳುತ್ತಿದ್ದೆ. ಮಳೆಗಾಲದಲ್ಲಿ ಏನಾಗುತ್ತದೆ ಹೇಳೋ ಮಾರಾಯ ಎಂದು ಎರಡು ಸುತ್ತು ಗಿರಕಿ ಹೊಡೆದೆ. ಅವನು, "ಇದಕ್ಕ ಸೊಕ್ಕು ಜಾಸ್ತಿರಿ" ಎಂದು ನನ್ನನ್ನೇ ಬೈದ.

ನಾಲ್ಕು ತಿಂಗಳಿಗೆ ದಂಡೆಯಲ್ಲಿ ದೊಡ್ಡ ಬೋರ್ಡು ಎದ್ದಿತು. ಏಳು ನಡುಗಡ್ಡೆಗಳ ವಿಹಾರಧಾಮವಂತೆ. ಒಂದೊಂದು ಗಡ್ಡೆಯಲ್ಲೂ ಕಾಟೇಜು, ಮೇಲೆ ತಂತಿಯಲ್ಲಿ ಜೋತಾಡಿಕೊಂಡು ಹೋಗುವ ಆಟ, ಕೆಳಗೆ ಮೋಟಾರು ದೋಣಿ. ನೀರುನಾಯಿ ನೋಡಲು ಒಂದು ಅಟ್ಟಣಿಗೆ. ನಾಲ್ಕನೆಯ ಗಡ್ಡೆಯಲ್ಲಿ ಹೊಸದಾಗಿ ಮದುವೆಯಾದವರಿಗೆ ವಿಶೇಷ ಕಾಟೇಜು. ಹರಿಗೋಲುಗಳಿಗೆ ಅಪಾಯವಾಗುವುದರಿಂದ ಅವನ್ನು ಆ ಪಟ್ಟಿಯಲ್ಲಿ ಬಿಡುವುದಿಲ್ಲ. ಮೀನುಗಾರರಿಗೆ ಕಂಪನಿಯೇ ಕೆಲಸ ಕೊಡುತ್ತದೆ.

ಆ ಕೆಲಸದ ಚೀಟಿ ಹುಲಿಗೆವ್ವನಿಗೂ ಬಂತು. ಬಂದ ಪ್ರವಾಸಿಗರಿಗೆ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಡಿಸಿ ಎದೆಯ ಗುಂಡಿ ಹಾಕುವುದು. ಅವಳು ಚೀಟಿ ಓದಿಸಿಕೊಂಡು ಬಂದು ನನ್ನ ಪಕ್ಕ ಕೂತಳು. ಚೀಟಿಯನ್ನು ಮಡಿಸಿ ಮಡಿಸಿ ಬೆರಳುಗಾತ್ರ ಮಾಡಿದಳು.

"ಹನ್ನೆರಡು ವರ್ಷದಾಕಿ ಇದ್ದಾಗಿಂದ ಹುಟ್ಟು ಹಾಕೀನಿ" ಅಂದಳು, ಗಂಡನಿಗೋ ನನಗೋ ತಿಳಿಯದು. "ಇನ್ನ ದಂಡ್ಯಾಗ ನಿಂತು ಮಂದಿ ಗುಂಡಿ ಹಾಕಬೇಕಂತ. ಹೊಳಿ ನೋಡಕೋತ ನಿಲ್ಲಬೇಕಂತ, ಇಳೀಬಾರದಂತ."

ಜಂಬಣ್ಣ ತಲೆ ತಗ್ಗಿಸಿದ. ಊರಲ್ಲಿ ಅವನಿಗೆ ಆಗಲೇ ಏಳುಗಡ್ಡಿ ಜಂಬಣ್ಣ ಎಂದು ಹೆಸರು ಬಿದ್ದಿತ್ತು. ಚಹಾದಂಗಡಿಗೆ ಹೋದರೆ, "ಜಂಬಣ್ಣಗ ಏಳು ಕಪ್ಪು ಕೊಡಪಾ" ಎಂದು ನಗುತ್ತಿದ್ದರು. ಮಾತಿನ ಮನುಷ್ಯ ಚಹಾ ಬಿಟ್ಟ.

ಊರು ಸುಮ್ಮನೆ ಕೂರಲಿಲ್ಲ. ಮನೆಮನೆಯಿಂದ ಸಹಿ ಎತ್ತಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಈರಜ್ಜನೂ ಸೊಂಟ ಹಿಡಿದುಕೊಂಡು ಬಂದು ಒತ್ತಿದ. ಆ ಕಾಗದ ತಾಲ್ಲೂಕಿಗೆ ಹೋಗಿ, ಜಿಲ್ಲೆಗೆ ಹೋಗಿ, ಕೊನೆಗೆ ಒಂದು ದಿನ ದಂಡೆಯಲ್ಲೇ ಸಭೆ ಎಂದು ಗೊತ್ತಾಯಿತು. ಉಪವಿಭಾಗದ ಎ.ಸಿ. ಮೇಡಂ ಬಂದು ಜನರ ಅಹವಾಲು ಕೇಳಿ ವರದಿ ಬರೆಯುತ್ತಾರೆ. ದಿನ ಗೊತ್ತುಮಾಡಿದ್ದು ಮರುವರ್ಷದ ಪಂಚಮಿಗೆ ಒಂಬತ್ತು ದಿನ ಮೊದಲು. ಹೊಸ ನೀರು ಬಂದು ಹೊಳೆ ಕೆಂಪಗೆ ತುಂಬಿತ್ತು. ನಾವು ಇಪ್ಪತ್ತೆರಡೂ ಅರಿಶಿನ ಹಚ್ಚಿಸಿಕೊಂಡು ಬೋರಲು ಬಿದ್ದಿದ್ದೆವು.

ನನ್ನ ಅಂಚು ಒಂದು ಕಲ್ಲಿನ ಮೇಲೆ ಕೂತಿದ್ದರಿಂದ ಸಂದಿಯಲ್ಲಿ ಸಭೆ ಚೆನ್ನಾಗಿ ಕಾಣುತ್ತಿತ್ತು. ಕಾಣುತ್ತಿದ್ದದ್ದು ಕಾಲುಗಳು ಮಾತ್ರ, ಅಷ್ಟೇ ಸಾಕು. ಮೇಡಂ ಅವರದು ಕೆಸರಾದರೂ ಅಲುಗಾಡದ ಚಪ್ಪಲಿ. ಟೋಪಿಯವನದು ಹೊಳೆಯುವ ಬೂಟು. ಊರಿನವರದು ಬರಿಗಾಲು, ಒಂದೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರು. ಬೇಡ, ಬೇಡ, ಬೇಡ.

"ಬೇಡ ಅಂತ ಕೇಳಿಸಿತು" ಅಂದರು ಮೇಡಂ. "ಯಾಕೆ ಬೇಡ ಅನ್ನೋದು ನನಗೆ ಬರೆಯೋಕೆ ಬೇಕು."

ಟೋಪಿಯವನು ಎದ್ದು ನಿಂತ. "ಮೇಡಂ, ನೀರುನಾಯಿ ತಮ್ಮ ಬಲೆ ಹರಿಯುತ್ತೆ ಅಂತ ಇವರೇ ದಿನಾ ಬೈತಾರೆ. ನಾವು ಅವನ್ನ ಜನಕ್ಕೆ ತೋರಿಸ್ತೀವಿ. ಏಳು ನಡುಗಡ್ಡೆ ಇವೆ ಅಂತ ಬರೆದುಕೊಟ್ಟವರೂ ಇವರೇ. ನೋಡಿ, ಸಹಿ."

ಬರಿಗಾಲುಗಳೆಲ್ಲ ಒಮ್ಮೆಲೇ ನಿಂತವು. ಮೇಡಂ ಕಾಗದ ಬಿಡಿಸಿದ ಸದ್ದಾಯಿತು. "ಜಂಬಣ್ಣ ಅನ್ನೋರು ಯಾರು?"

ಎರಡು ಕಾಲುಗಳು ಮುಂದೆ ಬಂದವು. ಆ ಸೀಳು ಹಿಮ್ಮಡಿ ನನಗೆ ಚೆನ್ನಾಗಿ ಪರಿಚಯ.

"ನಾನ್ರಿ. ತಪ್ಪು ನಂದೈತಿ" ಅಂದ ಜಂಬಣ್ಣ. ಅವನ ಜನ್ಮದಲ್ಲೇ ಅಷ್ಟು ಚಿಕ್ಕ ಮಾತಾಡಿರಲಿಲ್ಲ. "ನಾವು ಗುಂಡು ಎಣಸ್ತೀವ್ರಿ. ಬ್ಯಾಸಗ್ಯಾಗ ಏಳು ಅದಾವ. ಈಗ ಮೂರೇ ಉಳದಾವ. ನಾಲ್ಕು ನೀರಾಗ ಅದಾವ."

"ಅದೆಲ್ಲ ಈಗ ಹೇಳ್ತಾರೆ ಮೇಡಂ" ಅಂದ ಟೋಪಿಯವನು. "ಗಡ್ಡೆಗಳು ತಿರುವಿನ ಆಚೆ ಇವೆ, ಇಲ್ಲಿಂದ ಕಾಣಲ್ಲ. ಹೋಗಿ ನೋಡೋಣ ಅಂದರೆ ಈ ತಿಂಗಳು ದೋಣಿ ಇಳಿಸೋ ಹಾಗಿಲ್ಲ ಅನ್ನೋದೂ ಇವರ ನಿಯಮವೇ."

ಮೇಡಂ ಅವರ ಚಪ್ಪಲಿ ಊರಿನವರ ಕಡೆ ತಿರುಗಿತು. ಅವನು ಹೇಳಿದ್ದು ನಿಜ. ಅಜ್ಜಂದಿರ ಕಾಲದ ಕಟ್ಟಳೆ, ಅದನ್ನು ಮುರಿದು ಹೊಳೆ ಉಳಿಸುವುದು ಹೇಗೆ? ಮೇಡಂ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು. ನನಗೆ ಎದೆ ಇದ್ದಿದ್ದರೆ ಆಗ ಒಡೆದುಹೋಗುತ್ತಿತ್ತು.

ಆಗ ಯಾರೋ ನನ್ನ ಅಂಚು ಹಿಡಿದರು. ಆ ಕೈಯ ಗಂಟು ನನಗೆ ಗೊತ್ತು. ಹುಲಿಗೆವ್ವ ನನ್ನನ್ನು ಒಂದೇ ಏಟಿಗೆ ಅಂಗಾತ ಮಾಡಿದಳು. ಇಡೀ ದಂಡೆ ಹಾ ಅಂದಿತು. ಅವಳ ಮೈದುನ ಮುಂದೆ ಬಂದು, "ವೈನಿ, ಪಂಚಮಿ ಇನ್ನ ಒಂಬತ್ತು ದಿನ ಐತಿ!" ಎಂದು ಕಿರುಚಿದ. ಅವನ ದನಿಯಲ್ಲಿ ಗಾಬರಿ ಎಷ್ಟಿತ್ತೋ ಖುಷಿ ಅದಕ್ಕಿಂತ ಜಾಸ್ತಿ ಇತ್ತು.

"ಗೊತ್ತೈತಿ. ಹುಗ್ಗಿ ಮಾಡತೀನಿ, ಬೆಲ್ಲ ನೀನ ಬಂದು ನೋಡಿಕೊ" ಅಂದಳು ಅವಳು. ಆಮೇಲೆ ನೀರಿಗೆ ಕೈ ಅದ್ದಿ ನನ್ನ ಅಂಚಿಗೆ ಚಿಮುಕಿಸಿ, ಹೊಳೆಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಮೀನು ಹಿಡ್ಯಾಕಲ್ಲ ತಾಯಿ. ತಪ್ಪಾದ್ರ ನನ್ನ ಮ್ಯಾಲಿರಲಿ."

"ಹತ್ರಿ ಮೇಡಮ್ಮೋರ. ಸಾಹೇಬ್ರ, ನೀವೂ ಹತ್ರಿ. ನಿಮ್ಮ ನಕ್ಷಾ ತಗೊಂಡ ಬರ್ರಿ."

ಕಂಪನಿಯವರು ನಮೂನೆಗೆಂದು ಎರಡು ಕಿತ್ತಳೆ ಅಂಗಿ ತಂದು ಮೇಜಿನ ಮೇಲೆ ಇಟ್ಟಿದ್ದರು. ಒಂದನ್ನು ಮೇಡಂ ತೊಟ್ಟರು, ಇನ್ನೊಂದನ್ನು ಟೋಪಿಯವನು ತೊಟ್ಟ. ಅವನ ಎದೆಯ ಗುಂಡಿ ಹಾಕಿದವಳು ಹುಲಿಗೆವ್ವನೇ. "ನೋಡ್ರಿ, ಕೆಲಸ ಬರ್ತೈತಿ ನನಗ" ಅಂದಳು. ದಂಡೆಯ ಮೇಲೆ ಆವತ್ತಿನ ಮೊದಲ ನಗು ಎದ್ದಿತು. ಮೇಡಂ ಕೂಡ ನಕ್ಕರು.

ಒಂದು, ಎರಡು, ಮೂರು, ಜಂಬಣ್ಣ ಸೇರಿ ನಾಲ್ಕು. ನಾನು ಎಣಿಸಿಕೊಂಡು ಹೊರಟೆ. ಮೇಲಿನ ಅಣೆಕಟ್ಟಿನ ಗೇಟು ಪೂರ್ತಿ ಬಿಟ್ಟಿರಲಿಲ್ಲವಾದ್ದರಿಂದ ನೀರು ತುಂಬಿತ್ತೇ ಹೊರತು ರಭಸವಿರಲಿಲ್ಲ. ಆದರೂ ಟೋಪಿಯವನಿಗಾಗಿ ನಾನು ಸ್ವಂತ ಖುಷಿಯಿಂದ ಎರಡು ಸುತ್ತು ಹೆಚ್ಚಿಗೆ ತಿರುಗಿದೆ. ಅವನು ನನ್ನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಟೋಪಿ ಹಾರಿ ನೀರಿಗೆ ಬಿದ್ದು ನಮಗಿಂತ ಮುಂದೆ ಹೋಯಿತು.

ತಿರುವು ದಾಟಿದ ಮೇಲೆ ಬರೀ ಕೆಂಪು ನೀರು. ದೂರದಲ್ಲಿ ಮೂರು ಬಂಡೆಗಳ ತಲೆ. ಹುಲಿಗೆವ್ವ ಹುಟ್ಟನ್ನು ಒತ್ತಿ ಹಿಡಿದು ನನ್ನನ್ನು ನಡುಹೊಳೆಯಲ್ಲಿ ನಿಲ್ಲಿಸಿದಳು. "ಸಾಹೇಬ್ರ, ಮೊಬೈಲು ತಗೀರಿ. ನಾವು ಎಲ್ಲಿ ಅದೀವಿ ನೋಡ್ರಿ."

ಅವನು ಒಂದು ಕೈ ಬಿಟ್ಟು ಜೇಬಿನಿಂದ ಮೊಬೈಲು ತೆಗೆದ. ನೋಡಿದ. ಮತ್ತೆ ನೋಡಿದ. ಮೇಡಂ ಕೈ ಚಾಚಿ ಅದನ್ನು ಇಸಕೊಂಡು ನಕ್ಷೆಗೆ ಹಿಡಿದರು.

"ನಾಲ್ಕನೇ ಗಡ್ಡೆ" ಎಂದು ಓದಿದರು. "ಹೊಸ ದಂಪತಿಗಳ ಕಾಟೇಜ್. ನಾವು ಅದರ ಮೇಲೇ ಇದ್ದೀವಲ್ಲ."

ಹುಲಿಗೆವ್ವ ಹುಟ್ಟನ್ನು ನೆಟ್ಟಗೆ ಕೆಳಗೆ ಇಳಿಸಿದಳು. ಮೊಳ, ಎರಡು ಮೊಳ ಹೋಯಿತು. ಟಕ್ ಎಂದು ಕಲ್ಲು ಸಿಕ್ಕಿತು.

"ಇದ ನೋಡ್ರಿ ಸೊಸಿಗುಂಡು. ಮಳಿ ಬಂತಂದ್ರ ಸೊಸಿ ಮುಳಗತಾಳ, ಅತ್ತಿ ಒಬ್ಬಾಕಿ ಮ್ಯಾಲ ಇರತಾಳ. ನಮ್ಮೂರಾಗ ಅದು ಎಲ್ಲಾರಿಗೂ ಗೊತ್ತೈತಿ. ಇಳೀರಿ ಸಾಹೇಬ್ರ, ನಿಮ್ಮ ಕಾಟೇಜು ಬಂತು."

ಮೇಡಂ ಬಾಯಿಗೆ ಸೆರಗು ಹಿಡಿದರು. ನಗು ತಡೆಯಲಾರದೆ ಅವರ ಹೊಟ್ಟೆ ಕುಣಿದದ್ದು ನನ್ನ ದಬ್ಬೆಗಳಿಗೆಲ್ಲ ತಿಳಿಯಿತು.

ಟೋಪಿ ಇಲ್ಲದ ಇಂಜಿನಿಯರ್ ಗಂಟಲು ಸರಿಮಾಡಿಕೊಂಡ. "ಹಾಗಾದರೆ ಮೂರರಲ್ಲೇ ಎಲ್ಲವನ್ನೂ ಹೊಂದಿಸಬಹುದು ಮೇಡಂ."

ಅವನ ಮಾತು ಮುಗಿಯುವುದಕ್ಕೂ ಅತ್ತೆಗುಂಡಿನ ಬುಡದಿಂದ ಒಂದು ಶಿಳ್ಳೆ ಕೇಳುವುದಕ್ಕೂ ಸರಿಹೋಯಿತು. ಬಂಡೆಯ ಸಂದಿಯಿಂದ ತಾಯಿಯೊಂದು ಒದ್ದೆ ತಲೆ ಎತ್ತಿತು. ಅದರ ಹಿಂದೆ ಎರಡು ಮರಿಗಳು ಬಂಡೆ ಹತ್ತಿ, ಜಾರಿ ಬಿದ್ದು, ಮತ್ತೆ ಹತ್ತಿದವು.

"ಅದೇನದು?" ಅಂದ ಇಂಜಿನಿಯರ್.

ನೀರುನಾಯಿ ತೋರಿಸಲು ಅಟ್ಟಣಿಗೆ ಕಟ್ಟಲು ಹೊರಟವನು ನೀರುನಾಯಿಯನ್ನೇ ಕಂಡಿರಲಿಲ್ಲ.

"ಈ ಮೂರು ಬಂಡೆಯಲ್ಲಿ ನೀವು ಕಟ್ಟಿದರೆ ಇವು ಎಲ್ಲಿಗೆ ಹೋಗ್ತವೆ?" ಎಂದು ಮೇಡಂ ಕೇಳಿದರು. ಅವನು ತನ್ನ ಕಾಗದಗಳನ್ನು ತಿರುವಿದ. ಒದ್ದೆಯಾಗಿ ಅಂಟಿಕೊಂಡಿದ್ದ ಹಾಳೆಗಳನ್ನು ಬಿಡಿಸಿ ಬಿಡಿಸಿ ನೋಡಿದ. ಅದು ಎಲ್ಲೂ ಬರೆದಿರಲಿಲ್ಲ.

ಮೇಡಂ ಹುಲಿಗೆವ್ವನ ಕಡೆ ತಿರುಗಿದರು. "ಇವು ನಿಮ್ಮ ಬಲೆ ಹರಿಯೋದು ನಿಜವೇನಮ್ಮ?"

"ಹರೀತಾವ್ರಿ. ದಿನಾ ಬೈತೀನಿ" ಅಂದಳು ಹುಲಿಗೆವ್ವ. "ನಮ್ಮತ್ತಿ ಇದ್ದಾಗ ಆಕೀನೂ ದಿನಾ ನನ್ನ ಬೈತಿದ್ಲು. ಹಂಗಂತ ಆಕಿ ನನ್ನ ಮನಿ ಬಿಡಿಸಿದ್ಲೇನ್ರಿ? ಇವು ಇದ್ರ ಹೊಳ್ಯಾಗ ಮೀನು ಅದಾವ ಅಂತ ನಮಗ ತಿಳೀತೈತಿ. ಇವು ಹೋದ ದಿನ ನಾವೂ ಬಲಿ ಸುತ್ತಿಡಬೇಕು."

ಮೇಡಂ ಅದನ್ನು ನನ್ನ ಹೊಟ್ಟೆಯಲ್ಲೇ ಕೂತು, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಬರೆದರು. ಮುಳುಗಿದ ನಾಲ್ಕು ಬಂಡೆಗಳ ಹೆಸರನ್ನೂ ಜಂಬಣ್ಣನಿಂದ ಕೇಳಿ ಬರೆದುಕೊಂಡರು. ಜಂಬಣ್ಣ ಒಂದೊಂದು ಹೆಸರಿಗೂ ಮುಂಚೆ ಹೆಂಡತಿಯ ಮುಖ ನೋಡುತ್ತಿದ್ದ.

ಮರಳಿ ಬಂದ ಮೇಲೆ ನನ್ನನ್ನು ಮೊದಲಿನಂತೆ ಬೋರಲು ಹಾಕಿದರು. ಮರುದಿನವೇ ಹುಲಿಗೆವ್ವ ದೊಡ್ಡ ಪಾತ್ರೆಯಲ್ಲಿ ಹುಗ್ಗಿ ಇಟ್ಟಳು. ಅವಳ ಮೈದುನ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು, ಎರಡು ಸಲ ರುಚಿ ನೋಡಿ, ಬೆಲ್ಲ ಸಾಲದೆಂದು ತಲೆ ಅಲ್ಲಾಡಿಸಿದ. ಅವಳು ಇನ್ನೊಂದು ಅಚ್ಚು ಬೆಲ್ಲ ಹಾಕಿದಳು. ದಂಡದ ಊಟ ಎಂದು ಯಾರಿಗೂ ಅನ್ನಿಸಲಿಲ್ಲ. ಈರಜ್ಜ ಮೂರು ಸಲ ಹಾಕಿಸಿಕೊಂಡ. ಜಂಬಣ್ಣನ ಎಲೆಗೆ ಯಾರೋ ಏಳು ಸೌಟು ಹಾಕಿದರು, ಅವನೂ ನಗುತ್ತ ಏಳನ್ನೂ ಉಂಡ.

ಮುಂದೆ ದೀಪಾವಳಿಗೆ ಕಾಗದ ಬಂತು. ಮೀಸಲು ಪಟ್ಟಿಯಲ್ಲಿ ಯಾವ ಕಟ್ಟಡಕ್ಕೂ ಮೋಟಾರು ದೋಣಿಗೂ ಅನುಮತಿ ಇಲ್ಲ, ಹರಿಗೋಲುಗಳು ಎಂದಿನಂತೆ ಹೋಗಬಹುದು. ದಂಡೆಯ ಬೋರ್ಡನ್ನು ಕಂಪನಿಯವರು ಬಿಟ್ಟೇ ಹೋದರು. ಅದರ ತಗಡು ಈಗ ಚಹಾದಂಗಡಿಯ ಮಾಡಾಗಿದೆ. ಮಳೆ ಬಂದಾಗ ಜಂಬಣ್ಣ ಏಳು ನಡುಗಡ್ಡೆಗಳ ಕೆಳಗೆ ಕೂತು ಚಹಾ ಕುಡಿಯುತ್ತಾನೆ.

ನಾನು ಆಮೇಲೆಯೂ ನಾಲ್ಕು ವರ್ಷ ನೀರಿನಲ್ಲಿದ್ದೆ. ಪ್ರತಿ ಬೇಸಿಗೆ ಹೊಸ ಡಾಂಬರು ಬಳಿದರೂ ದಬ್ಬೆಗಳು ಒಂದೊಂದಾಗಿ ಸೋತವು. ಒಂದು ದಿನ ಹುಲಿಗೆವ್ವನ ಪಾದ ನನ್ನ ಹೊಟ್ಟೆಯಲ್ಲಿ ಇಳಿದೇ ಹೋಯಿತು. ಅವಳು ನನ್ನನ್ನು ಬೈಯಲಿಲ್ಲ. ಒಲೆಗೆ ಹಾಕೋಣ ಅಂದವರನ್ನು ಬೈದಳು. ಅತ್ತೆಗುಂಡಿಗೆ ಎದುರಾಗಿ ಜೊಂಡು ಬೆಳೆದ ದಂಡೆಗೆ ಎಳೆದು ತಂದು, ಅರಿಶಿನ ಹಚ್ಚಿ, ಬೋರಲು ಹಾಕಿದಳು. ನನ್ನ ಪಾಲಿಗೆ ಇನ್ನು ಪಂಚಮಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಸ್ವಲ್ಪ ಅತ್ತಳು, ಮೂಗು ಒರೆಸಿಕೊಂಡು ಎದ್ದು ಹೋದಳು.

ಮುಪ್ಪು ಬೇಸರದ್ದೆಂದು ತಿಳಿಯಬೇಡಿ. ಒಂದು ತಿಂಗಳಲ್ಲೇ ನೀರುನಾಯಿಗಳು ನನ್ನನ್ನು ಕಂಡುಹಿಡಿದವು. ಕಪ್ಪಗೆ, ದುಂಡಗೆ, ನುಣ್ಣಗೆ ಬಂಡೆಯ ಹಾಗಿದ್ದೇನಲ್ಲ, ಬೆನ್ನ ಮೇಲೆ ಮೈ ಒಣಗಿಸಿಕೊಂಡವು. ಆಮೇಲೆ ಅಲ್ಲೇ ಹೊರಕಡೆಗೂ ಹೋದವು. ನಾರುವ ಮೀನಿನ ಮುಳ್ಳುಗಳ ಆ ಗುಪ್ಪೆಯೇ ಅವು ತಮ್ಮ ಊರಿಗೆ ಹಾಕುವ ಗಡಿಗುರುತು ಎಂದು ಆಗ ನನಗೆ ಗೊತ್ತಿರಲಿಲ್ಲ. ಮೊದಲು ಅವಮಾನವಾಯಿತು.

ಮೊನ್ನೆ ಅರಣ್ಯ ಇಲಾಖೆಯಿಂದ ಶಾಂಭವಿ ಎಂಬ ಗಾರ್ಡು ನೀರುನಾಯಿ ಎಣಿಸಲು ಬಂದಿದ್ದಳು. ಜೊತೆಗೆ ಜಂಬಣ್ಣ, ಹುಲಿಗೆವ್ವ.

"ಅಣ್ಣಾ, ಇಲ್ಲಿ ಗುಂಡು ಎಷ್ಟು ಅದಾವ?" ಎಂದು ಶಾಂಭವಿ ಕೇಳಿದಳು.

"ಬ್ಯಾಸಗ್ಯಾಗೋ, ಮಳಿಗಾಲದಾಗೋ?" ಅಂದ ಜಂಬಣ್ಣ ತಕ್ಷಣ. "ಎರಡೂ ಬರಕೊ ತಂಗಿ. ಒಂದ ಬರದ್ರ ನಾ ಸಹಿ ಹಾಕಂಗಿಲ್ಲ."

ಹುಲಿಗೆವ್ವ ಆ ಕಡೆ ಮುಖ ತಿರುಗಿಸಿ ನಕ್ಕಳು. ಶಾಂಭವಿ ನನ್ನ ಹತ್ತಿರ ಬಂದು, ಬೆನ್ನ ಮೇಲಿನ ಗುಪ್ಪೆ ನೋಡಿ, ಖುಷಿಯಿಂದ ಕುಕ್ಕರುಗಾಲಲ್ಲಿ ಕೂತಳು. "ಹೊಸಾ ಗುರುತು ಐತಿ! ಇದು ಯಾವ ಗುಂಡು?"

ಜಂಬಣ್ಣ ಬಾಯಿ ತೆರೆದ. ಎಂಟನೆಯ ಹೆಸರೊಂದು ಅವನ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ಅವನು ಬಾಯಿ ಮುಚ್ಚಿದ. ಬಗ್ಗಿ ನನ್ನ ಅಂಚು ತಟ್ಟಿದ.

"ಗುಂಡಲ್ಲ ತಂಗಿ. ಇದು ನಮ್ಮ ಹರಗೋಲ. ಹಂಗ ಬರಕೊ."

ಅವಳು ಹಾಗೇ ಬರೆದುಕೊಂಡಳು. ಹತ್ತು ವರ್ಷಕ್ಕೂ ಮೇಲೆ ಆ ಹೊಳೆಯಲ್ಲಿ ದುಡಿದಿದ್ದೆ, ನನ್ನ ಹೆಸರು ಕಾಗದಕ್ಕೆ ಬಂದದ್ದು ಅದೇ ಮೊದಲು.

ಇವತ್ತು ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಮರಿಗಳು ಬಂದವು. ನನ್ನ ಬೆನ್ನೇರಿ, ಜಾರಿ ಬಿದ್ದು, ಮತ್ತೆ ಏರಿದವು. ಹಳೆಯ ಚಾಳಿ ಬಿಡುತ್ತದೆಯೇ, ಎಣಿಸಿದೆ. ಮೂರು. ಯಾರಿಗೂ ಇಳಿಯುವ ಅವಸರ ಇರಲಿಲ್ಲ.